ಸಿಪ್ಪೆಯೊಳಗಿನ ಸಕ್ಕರೆಗೂ ಕಾಟಾ ಬೇಕು

ಸದಲಗಾದಿಂದ ಯಾವ ದಿಕ್ಕಿಗೆ ಹೊರಟರೂ ಕಬ್ಬಿನ ಗದ್ದೆಯೇ ಎದುರಾಗುತ್ತದೆ. ದೂಧಗಂಗೆ, ವೇದಗಂಗೆ, ಕೃಷ್ಣೆಯ ನೀರುಂಡು ಬೆಳೆದ ಈ ಬೆಳೆ ಹಂಗಾಮು ಶುರುವಾದೊಡನೆ ಟ್ರ್ಯಾಕ್ಟರ್ ಏರುತ್ತದೆ. ಚಿಕ್ಕೋಡಿಯ ಚಿದಾನಂದ ಬಸಪ್ರಭು ಕೋರೆ ಸಹಕಾರಿ ಕಾರ್ಖಾನೆ, ನಿಪ್ಪಾಣಿಯ ಹಾಲಸಿದ್ಧನಾಥ, 1939ರಲ್ಲಿ ಸ್ಥಾಪನೆಯಾದ ಉಗಾರದ ಕಾರ್ಖಾನೆ, ಗಡಿಯಾಚೆಗಿನ ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳ ಕಾರ್ಖಾನೆಗಳು ಹೀಗೆ ಎಲ್ಲ ಕಡೆಗೂ ಹೋಗುತ್ತದೆ. ಅಥಣಿಯಿಂದ ರಾಯಬಾಗದವರೆಗೆ ಕಬ್ಬು ಬೆಳೆಯುವವರ ಕಣ್ಣು ಸದಾ ಎರಡು ಅಂಕಿಗಳ ಮೇಲಿರುತ್ತದೆ. ಒಂದು, ಕಾಟಾದ ಮೇಲೆ ಬಂದ ತೂಕ. ಇನ್ನೊಂದು, ಕಾರ್ಖಾನೆ ತೋರಿಸುವ ಇಳುವರಿ, ಅಂದರೆ ಕಬ್ಬಿನಿಂದ ಸಿಕ್ಕ ಸಕ್ಕರೆಯ ಪ್ರಮಾಣ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ. ಅದು ಶೇ 10.25 ಇಳುವರಿಗೆ ಕಟ್ಟಿದ ಬೆಲೆ. ಇಳುವರಿ ಶೇ 0.1ರಷ್ಟು ಏರಿದರೂ ದರ ಬದಲಾಗುತ್ತದೆ. ತೂಕ ತಪ್ಪಿದರೆ, ಇಳುವರಿ ಮರೆಯಾದರೆ ಏನಾಗುತ್ತದೆಂದು ಈ ಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದೇ ಕಬ್ಬಿನಲ್ಲಿ ಇನ್ನೊಂದು ಸಕ್ಕರೆ ಇದೆ. ಅದಕ್ಕೆ ಕಾಟಾ ಇಲ್ಲ, ಇಳುವರಿಯ ಲೆಕ್ಕವಿಲ್ಲ, ಕೇಳುವವರೂ ಇಲ್ಲ.

ಒಂದು ಟನ್ ಕಬ್ಬು ನುರಿಸಿದರೆ ಸಕ್ಕರೆ ಸುಮಾರು 100 ಕೆ.ಜಿ. ಸಿಗುತ್ತದೆ. ಜೊತೆಗೆ 280ರಿಂದ 300 ಕೆ.ಜಿ. ಸಿಪ್ಪೆ, ಅಂದರೆ ಬಗ್ಯಾಸ್, ಹೊರಬೀಳುತ್ತದೆ. ಅದರಲ್ಲಿ ಅರ್ಧದಷ್ಟು ನೀರು. ಉಳಿದ 140–150 ಕೆ.ಜಿ. ಒಣ ಪದಾರ್ಥದಲ್ಲಿ ಶೇ 40ಕ್ಕೂ ಹೆಚ್ಚು ಸೆಲ್ಯುಲೋಸ್. ಅಂದರೆ ಟನ್ನಿಗೆ 60 ಕೆ.ಜಿ.ಯಷ್ಟು ಸೆಲ್ಯುಲೋಸ್ ಬಾಯ್ಲರಿಗೆ ಹೋಗುತ್ತದೆ. ಸೆಲ್ಯುಲೋಸ್ ಎಂಬುದು ಆದಿಯಿಂದ ಅಂತ್ಯದವರೆಗೆ ಗ್ಲೂಕೋಸಿನದೇ ಸರಪಳಿ. ಪೂರ್ತಿ ಬಿಡಿಸಿದರೆ, ಒಂದೊಂದು ಕೊಂಡಿ ಕಡಿಯುವಾಗಲೂ ನೀರು ಸೇರಿಕೊಳ್ಳುವುದರಿಂದ, 60 ಕೆ.ಜಿ. ಸೆಲ್ಯುಲೋಸ್ 66 ಕೆ.ಜಿ. ಗ್ಲೂಕೋಸ್ ಆಗಬೇಕು. ಅದನ್ನು ಹುದುಗಿಸಿದರೆ ಕಾಗದದ ಲೆಕ್ಕದಲ್ಲಿ 40 ಲೀಟರಿಗೂ ಮಿಕ್ಕಿ ಎಥೆನಾಲ್. ಹೊಲದಲ್ಲೇ ಉಳಿಯುವ ರವದಿಯನ್ನು, ಅಂದರೆ ಎಕರೆಗೆ ಮೂರು–ನಾಲ್ಕು ಟನ್ ಒಣಗಿದ ಎಲೆಯನ್ನು, ಈ ಲೆಕ್ಕಕ್ಕೆ ಇನ್ನೂ ಹಿಡಿದಿಲ್ಲ. ‘ರವದಿಯಿಂದ ಎಥೆನಾಲ್’, ‘ಕಸದಿಂದ ರಸ’ ಎಂಬ ಮಾತುಗಳು ಹುಟ್ಟಿದ್ದು ಈ ಗುಣಾಕಾರದಿಂದಲೇ. ಕಾಗದದ ಮೇಲಿನ 40 ಲೀಟರಿಗೂ ಟ್ಯಾಂಕಿಗೆ ಬೀಳುವ ಎಥೆನಾಲಿಗೂ ನಡುವೆ ದೊಡ್ಡ ಕಂದಕವಿದೆ. ಅದನ್ನು ದಾಟಿಸಬೇಕಾದವು ಕಿಣ್ವಗಳು. ಆ ಕಿಣ್ವಗಳ ನಿಜವಾದ ಶಕ್ತಿಯನ್ನು ಅಳೆಯಲು ವಿಜ್ಞಾನಕ್ಕೆ ಸಿಕ್ಕಿರುವ ನಂಬಿಗಸ್ತ ಸಾಧನ ಸೆಲ್ಯುಲೋಸಿನದೇ ಸಣ್ಣ ತುಂಡುಗಳು. ಎರಡರಿಂದ ಆರು ಗ್ಲೂಕೋಸ್ ಇರುವ ಈ ಕಿರುಸರಪಳಿಗಳಿಗೆ ಸೆಲ್ಲೊ-ಆಲಿಗೋಸ್ಯಾಕರೈಡ್‌ಗಳೆಂದು ಹೆಸರು. ಕಬ್ಬಿನ ನಾಡು ಸಿಪ್ಪೆ, ರವದಿಗಳಿಂದ ತೆಗೆಯುವ ಎರಡನೇ ತಲೆಮಾರಿನ ಎಥೆನಾಲಿನ ಕನಸು ಕಾಣುವ ಮೊದಲು ಈ ಅಳತೆಗೋಲನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು ಎಂಬುದು ಈ ಬರಹದ ವಾದ.

ಸೆಲ್ಯುಲೋಸ್ ಇಷ್ಟು ಹಟಮಾರಿ ಏಕೆ? ಜೋಳದ ಹಿಟ್ಟಿನಲ್ಲಿರುವ ಪಿಷ್ಟವೂ ಗ್ಲೂಕೋಸಿನ ಸರಪಳಿಯೇ. ರೊಟ್ಟಿ ಅಗಿಯುವಾಗ ನಮ್ಮ ಲಾಲಾರಸವೇ ಅದನ್ನು ಕಡಿಯಲು ತೊಡಗುತ್ತದೆ. ಅದೇ ಜೋಳದ ದಂಟನ್ನು ನಾವು ತಿಂದು ಅರಗಿಸಲಾರೆವು. ವ್ಯತ್ಯಾಸವಿರುವುದು ಕೊಂಡಿಯ ದಿಕ್ಕಿನಲ್ಲಿ ಮಾತ್ರ. ಪಿಷ್ಟದಲ್ಲಿ ಒಂದು ಗ್ಲೂಕೋಸ್ ಮುಂದಿನದಕ್ಕೆ ಆಲ್ಫಾ ಬಂಧದಲ್ಲಿ ಸೇರಿದರೆ ಸೆಲ್ಯುಲೋಸಿನಲ್ಲಿ ಬೀಟಾ–1,4 ಬಂಧದಲ್ಲಿ ಸೇರುತ್ತದೆ. ಇದರಿಂದ ಪಕ್ಕಪಕ್ಕದ ಗ್ಲೂಕೋಸ್‌ಗಳು ಒಂದರ ಎದುರು ಒಂದು ಮಗುಚಿಕೊಂಡು ಸರಪಳಿ ನೇರವಾಗಿ ನಿಲ್ಲುತ್ತದೆ. ನೇರವಾದ ಸರಪಳಿಗಳು ಒಂದಕ್ಕೊಂದು ಅಂಟಿ, ಹೈಡ್ರೋಜನ್ ಬಂಧಗಳಿಂದ ಬಿಗಿದು, ನೀರೂ ಒಳನುಗ್ಗದ ಹರಳಾಗುತ್ತವೆ. ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಈ ಪದಾರ್ಥವನ್ನು ಸಸ್ಯಗಳಿಂದ ಬೇರ್ಪಡಿಸಿ ತೋರಿಸಿದ್ದು 1838ರಲ್ಲಿ. ಸಿಪ್ಪೆಯಲ್ಲಂತೂ ಈ ಹರಳಿನ ಸುತ್ತ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳ ಗಾರೆ ಮೆತ್ತಿದೆ. ಗಾಳಿಗೆ ಕಬ್ಬು ಬಾಗಿದರೂ ಮುರಿಯದೆ ನಿಲ್ಲುವುದು ಈ ಕಟ್ಟಿನ ಬಲದಿಂದ. ಅದನ್ನು ಬಿಚ್ಚುವುದು ಕಷ್ಟವಾಗಿರುವುದೂ ಇದೇ ಬಲದಿಂದ.

ಪ್ರಕೃತಿಯಲ್ಲಿ ಈ ಕೆಲಸವನ್ನು ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಮಾಡುತ್ತಲೇ ಇವೆ. ಎಮ್ಮೆಯ ಹೊಟ್ಟೆಯಲ್ಲಿ ಕಬ್ಬಿನ ಸೋಗೆ ಕರಗುವುದು ಅಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿಬಟ್ಟೆಯ ಡೇರೆಗಳು ಕೊಳೆತು ಹರಿಯತೊಡಗಿದವು. ಅಲ್ಲಿ ಸಿಕ್ಕ ಒಂದು ಶಿಲೀಂಧ್ರವನ್ನು ಸೇನೆಯ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ದಶಕಗಳ ಕಾಲ ಅಧ್ಯಯನ ಮಾಡಿದರು. 1977ರಲ್ಲಿ ಅದಕ್ಕೆ ಟ್ರೈಕೋಡರ್ಮಾ ರೀಸೈ ಎಂದು ರೀಸ್ ಅವರ ಹೆಸರನ್ನೇ ಇಡಲಾಯಿತು. ಇಂದು ಕಾರ್ಖಾನೆಗಳಿಗೆ ಬರುವ ಸೆಲ್ಯುಲೇಸ್ ಕಿಣ್ವಗಳಲ್ಲಿ ಬಹುಪಾಲು ಈ ಶಿಲೀಂಧ್ರದ ಸಂತಾನದಿಂದಲೇ ಬರುತ್ತವೆ. ಸೆಲ್ಯುಲೋಸನ್ನು ಒಂದೇ ಕಿಣ್ವ ಕರಗಿಸುವುದಿಲ್ಲ ಎಂಬ ಅರಿವು ಬೆಳೆದದ್ದು ಇಂಥ ಅಧ್ಯಯನಗಳಿಂದ. ಎಂಡೊಗ್ಲುಕನೇಸ್ ಸರಪಳಿಯ ನಡುವೆ ಎಲ್ಲೆಂದರಲ್ಲಿ ಕಡಿದು ಹೊಸ ತುದಿಗಳನ್ನು ಮಾಡುತ್ತದೆ. ಸೆಲ್ಲೊಬಯೊಹೈಡ್ರೊಲೇಸ್ ಆ ತುದಿ ಹಿಡಿದು ಎರಡೆರಡು ಗ್ಲೂಕೋಸಿನ ಜೋಡಿಯನ್ನು, ಅಂದರೆ ಸೆಲ್ಲೊಬಯೋಸನ್ನು, ಕತ್ತರಿಸುತ್ತ ಹೋಗುತ್ತದೆ. ಬೀಟಾ-ಗ್ಲೂಕೋಸಿಡೇಸ್ ಆ ಜೋಡಿಯನ್ನು ಒಡೆದು ಬಿಡಿ ಗ್ಲೂಕೋಸ್ ಮಾಡುತ್ತದೆ. ಮೂರರಲ್ಲಿ ಒಂದು ಹಿಂದುಳಿದರೂ ಇಡೀ ಕೆಲಸ ಕುಂಟುತ್ತದೆ. ಸೆಲ್ಲೊಬಯೋಸ್ ಸಕಾಲಕ್ಕೆ ಒಡೆಯದೆ ಉಳಿದರೆ ಅದೇ ಹೋಗಿ ಸೆಲ್ಲೊಬಯೊಹೈಡ್ರೊಲೇಸಿನ ದಾರಿಗೆ ಅಡ್ಡ ನಿಲ್ಲುತ್ತದೆ. ಟ್ರೈಕೋಡರ್ಮಾ ರೀಸೈಯಲ್ಲಿ ಬೀಟಾ-ಗ್ಲೂಕೋಸಿಡೇಸ್ ಕಡಿಮೆ ಎಂಬುದು ಹಳೆಯ ದೂರು. ಅದಕ್ಕಾಗಿಯೇ ಆಸ್ಪರ್ಜಿಲಸ್ ನೈಗರ್ ಎಂಬ ಇನ್ನೊಂದು ಶಿಲೀಂಧ್ರದ ಕಿಣ್ವವನ್ನು ಬೆರೆಸುವ ರೂಢಿ ಬಂತು.

ಹಾಗಾದರೆ ಒಂದು ಕಿಣ್ವದ ಡಬ್ಬಿ ಎಷ್ಟು ಶಕ್ತಿಶಾಲಿ ಎಂದು ಹೇಳುವುದು ಹೇಗೆ? ಜಗತ್ತಿನ ಪ್ರಯೋಗಾಲಯಗಳು ಇದಕ್ಕೆ ಬಳಸುವ ಫಿಲ್ಟರ್ ಪೇಪರ್ ಪರೀಕ್ಷೆಗೆ ಅಂತರರಾಷ್ಟ್ರೀಯ ರೂಪ ಕೊಟ್ಟು 1987ರಲ್ಲಿ ಪ್ರಕಟಿಸಿದವರು ದಿಲ್ಲಿಯ ಐಐಟಿಯ ಪ್ರೊ. ಟಿ.ಕೆ. ಘೋಷ್. ಪರೀಕ್ಷೆ ನೋಡಲು ಸರಳ. ವಾಟ್‌ಮನ್ ನಂಬರ್ 1 ಕಾಗದವನ್ನು ಒಂದು ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಬೇಕು. ಅದರ ತೂಕ ಸುಮಾರು 50 ಮಿಲಿಗ್ರಾಂ. ಅದನ್ನು ಸುರುಳಿ ಸುತ್ತಿ ಗಾಜಿನ ನಳಿಕೆಗೆ ಇಳಿಸಿ, ಒಂದು ಮಿಲಿಲೀಟರ್ ಸಿಟ್ರೇಟ್ ದ್ರಾವಣ ಮತ್ತು ಅರ್ಧ ಮಿಲಿಲೀಟರ್ ತೆಳುಮಾಡಿದ ಕಿಣ್ವ ಹಾಕಿ, 50 ಡಿಗ್ರಿ ಬಿಸಿಯಲ್ಲಿ ಸರಿಯಾಗಿ ಒಂದು ಗಂಟೆ ಇಡಬೇಕು. ಆಮೇಲೆ ಡಿಎನ್‌ಎಸ್ ಎಂಬ ಹಳದಿ ರಾಸಾಯನಿಕ ಬೆರೆಸಿ ಐದು ನಿಮಿಷ ಕುದಿಸಿದರೆ, ಬಿಡುಗಡೆಯಾದ ಸಕ್ಕರೆಗೆ ತಕ್ಕಂತೆ ದ್ರಾವಣ ಕೆಂಪು-ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣದ ಗಾಢತೆಯೇ ಅಂಕಿ. 50 ಮಿಲಿಗ್ರಾಂ ಕಾಗದದಿಂದ 2 ಮಿಲಿಗ್ರಾಂ ಗ್ಲೂಕೋಸಿಗೆ ಸಮನಾದ ಸಕ್ಕರೆ ಬಿಡಿಸಲು ಎಷ್ಟು ಕಿಣ್ವ ಬೇಕಾಯಿತು ಎಂಬುದರ ಮೇಲೆ ಶಕ್ತಿಯ ಏಕಮಾನ ನಿಂತಿದೆ. ದೇಶದೇಶಗಳ ಪ್ರಯೋಗಾಲಯಗಳು ಒಂದೇ ಭಾಷೆಯಲ್ಲಿ ಮಾತಾಡುವಂತಾದದ್ದು ಈ ಪರೀಕ್ಷೆಯಿಂದ. ಅದು ಭಾರತೀಯ ವಿಜ್ಞಾನಿಯೊಬ್ಬರ ದೊಡ್ಡ ಕೊಡುಗೆ.

ಆದರೆ ಈ ಅಂಕಿ ಹೇಳದೆ ಬಿಡುವ ಸಂಗತಿಗಳನ್ನೂ ನೋಡಬೇಕು. 50 ಮಿಲಿಗ್ರಾಮಿನಲ್ಲಿ 2 ಮಿಲಿಗ್ರಾಂ ಎಂದರೆ ಶೇ 4 ಮಾತ್ರ. ಯಾವುದೇ ಸೆಲ್ಯುಲೋಸಿನಲ್ಲಿ ಸಡಿಲವಾಗಿರುವ ಭಾಗ ಮೊದಲು ಕರಗುತ್ತದೆ, ಗಟ್ಟಿ ಹರಳು ಕೊನೆಗೆ ಉಳಿಯುತ್ತದೆ. ಮೊದಲ ಶೇ 4ರಲ್ಲಿ ಮುಂದಿದ್ದ ಕಿಣ್ವ ಶೇ 80ರ ಹೊತ್ತಿಗೂ ಮುಂದಿರುತ್ತದೆ ಎಂದು ನಂಬಲು ಕಾರಣವಿಲ್ಲ. ಕಾರ್ಖಾನೆ ನಡೆಯುವುದು ಆ ಶೇ 80ರ ಮೇಲೆ. ಇನ್ನೊಂದು ತೊಡಕು ಬಣ್ಣದ್ದು. ಡಿಎನ್‌ಎಸ್ ಎಣಿಸುವುದು ಸಕ್ಕರೆಯ ಸರಪಳಿಯ ಒಂದು ಬಗೆಯ ತುದಿಗಳನ್ನು. ಒಂದೇ ತೂಕದ ಗ್ಲೂಕೋಸೂ ಸೆಲ್ಲೊಬಯೋಸೂ ಒಂದೇ ಬಣ್ಣ ಕೊಡುವುದಿಲ್ಲ. ನಳಿಕೆಯಲ್ಲಿ ಬಿಡಿ ಗ್ಲೂಕೋಸ್ ಎಷ್ಟು, ಒಡೆಯದ ಜೋಡಿ ಎಷ್ಟು, ಮೂರು–ನಾಲ್ಕರ ತುಂಡುಗಳೆಷ್ಟು ಎಂಬುದನ್ನು ಕೆಂಪು ಬಣ್ಣವೊಂದೇ ಬಿಡಿಸಿ ಹೇಳಲಾರದು. ಯೀಸ್ಟಿಗೆ ಬೇಕಾದದ್ದು ಗ್ಲೂಕೋಸ್. ಸಾಮಾನ್ಯ ಯೀಸ್ಟ್ ಸೆಲ್ಲೊಬಯೋಸನ್ನು ಮುಟ್ಟುವುದೇ ಇಲ್ಲ. ಒಟ್ಟು ತೂಕ ತಿಳಿದು ಇಳುವರಿ ತಿಳಿಯದ ಸ್ಥಿತಿ ಇದು; ಕಬ್ಬು ಬೆಳೆಗಾರರು ಇಂಥದನ್ನು ಒಪ್ಪುವುದಿಲ್ಲ. ಕಾಟಾ ಸರಿಯಿದೆಯೇ ಎಂದು ನೋಡಲು ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆಯೊತ್ತಿದ ಕಲ್ಲುಗಳನ್ನು ತಂದು ಇಡುವಂತೆ, ಕಿಣ್ವದ ಮುಂದೆಯೂ ಉದ್ದ ಗೊತ್ತಿರುವ ಸರಪಳಿಗಳನ್ನು ಇಟ್ಟು ನೋಡಬೇಕು.

ಸೆಲ್ಲೊ-ಆಲಿಗೋಸ್ಯಾಕರೈಡ್‌ಗಳು ಮಾಡುವ ಕೆಲಸ ಇದೇ. ಎರಡು ಗ್ಲೂಕೋಸ್ ಸೇರಿದರೆ ಸೆಲ್ಲೊಬಯೋಸ್, ಮೂರಾದರೆ ಸೆಲ್ಲೊಟ್ರಯೋಸ್, ಮುಂದೆ ಸೆಲ್ಲೊಟೆಟ್ರಯೋಸ್, ಸೆಲ್ಲೊಪೆಂಟಯೋಸ್, ಸೆಲ್ಲೊಹೆಕ್ಸಯೋಸ್. ಇವು ನೀರಿನಲ್ಲಿ ಕರಗುತ್ತವೆ. ಆರು ದಾಟಿದರೆ ಕರಗುವ ಗುಣ ಬೇಗ ಕುಗ್ಗಿಹೋಗುತ್ತದೆ. ಶುದ್ಧ ಸೆಲ್ಲೊಪೆಂಟಯೋಸನ್ನು ಅಪರಿಚಿತ ಕಿಣ್ವವೊಂದರ ಜೊತೆ ಬೆರೆಸಿ, ಐದು, ಹತ್ತು, ಮೂವತ್ತು ನಿಮಿಷಕ್ಕೊಮ್ಮೆ ಒಂದೊಂದು ಹನಿಯನ್ನು ಸಿಲಿಕಾ ಲೇಪಿಸಿದ ಹಾಳೆಯ ಬುಡದಲ್ಲಿ ಇಟ್ಟು, ಹಾಳೆಯನ್ನು ಬ್ಯುಟನಾಲ್ ಮತ್ತು ಅಸಿಟಿಕ್ ಆಮ್ಲದ ನೀರಿನಲ್ಲಿ ನಿಲ್ಲಿಸಿದರೆ ದ್ರವ ಮೇಲೇರುತ್ತದೆ. ಚಿಕ್ಕ ಸಕ್ಕರೆ ಮೇಲಕ್ಕೆ ಓಡುತ್ತದೆ, ದೊಡ್ಡದು ಕೆಳಗೆ ಉಳಿಯುತ್ತದೆ. ಹಾಳೆಯನ್ನು ಆಮ್ಲ ಸಿಂಪಡಿಸಿ ಕಾಯಿಸಿದಾಗ ಕಪ್ಪು ಚುಕ್ಕೆಗಳು ಮೂಡುತ್ತವೆ. ಎರಡರ ಮತ್ತು ಮೂರರ ಚುಕ್ಕೆ ಮಾತ್ರ ಕಂಡರೆ ಕಿಣ್ವ ಒಳಗಿನ ಬಂಧವನ್ನು ಕಡಿಯಿತು ಎಂದರ್ಥ. ಮೊದಲು ಒಂದು ಮತ್ತು ನಾಲ್ಕು, ಆಮೇಲೆ ಮೂರು, ಆಮೇಲೆ ಎರಡು ಹೀಗೆ ಚುಕ್ಕೆಗಳು ಒಂದೊಂದಾಗಿ ಮೂಡುತ್ತ ಬಂದರೆ ಅದು ತುದಿಯಿಂದ ಒಂದೊಂದೇ ಗ್ಲೂಕೋಸ್ ಕೀಳುವ ಬೀಟಾ-ಗ್ಲೂಕೋಸಿಡೇಸ್. ಕಿಣ್ವ ಸರಪಳಿಯ ಯಾವ ತುದಿಯಿಂದ ಲೆಕ್ಕ ಹಿಡಿಯುತ್ತದೆ ಎಂದು ತಿಳಿಯಬೇಕಾದರೆ ಒಂದು ತುದಿಗೆ ಗುರುತು ಹಾಕಿದ ತುಂಡುಗಳನ್ನು ಬಳಸುತ್ತಾರೆ. ಕಡಿದೊಡನೆ ಹಳದಿ ಬಣ್ಣ ಬಿಡುವ ನೈಟ್ರೊಫೆನಿಲ್ ಜೋಡಿಸಿದವು, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಅಂಬೆಲ್ಲಿಫೆರಿಲ್ ಜೋಡಿಸಿದವು ಈ ಸಾಲಿಗೆ ಸೇರುತ್ತವೆ. ಆರರ ತುಂಡನ್ನು ಬೇಗ ಕಡಿದು ಮೂರರ ತುಂಡಿನ ಮುಂದೆ ತಡವರಿಸುವ ಕಿಣ್ವದ ಹಿಡಿತ ಎಷ್ಟು ಗ್ಲೂಕೋಸಿನಷ್ಟು ಉದ್ದ ಎಂಬುದನ್ನೂ ಇದೇ ಲೆಕ್ಕದಿಂದ ತಿಳಿಯಬಹುದು.

ಈ ತುಂಡುಗಳಿಂದ ಸಿಕ್ಕ ಜ್ಞಾನ ಸಣ್ಣದಲ್ಲ. ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ಜಾನುವಾರುಗಳ ಪೋಷಣೆಗೆಂದು ಹುಟ್ಟಿದ ರೋವೆಟ್ ಸಂಸ್ಥೆಯಲ್ಲಿ ಟಿ.ಎಂ. ವುಡ್ ಮತ್ತು ಕೆ.ಎಂ. ಭಟ್ ಅವರು ಪೆನಿಸಿಲಿಯಂ ಪೈನೊಫಿಲಂ ಎಂಬ ಶಿಲೀಂಧ್ರದ ಎಂಡೊಗ್ಲುಕನೇಸ್‌ಗಳನ್ನು ಬೇರೆಬೇರೆ ಮಾಡಿ, ಸಾದಾ ತುಂಡು, ವಿಕಿರಣದ ಗುರುತಿನ ತುಂಡು, ಬಣ್ಣ ಬಿಡುವ ತುಂಡುಗಳನ್ನು ಒಂದೊಂದಕ್ಕೂ ಉಣಿಸಿ ನೋಡಿದರು. 1990ರಲ್ಲಿ ಪ್ರಕಟವಾದ ಆ ಕೆಲಸ, ಒಂದೇ ಹೆಸರಿನ ಕಿಣ್ವಗಳು ಒಂದೇ ಜಾಗದಲ್ಲಿ ಕಡಿಯುವುದಿಲ್ಲ ಎಂದು ತೋರಿಸಿತು. ಟ್ರೈಕೋಡರ್ಮಾ ರೀಸೈಯ ಮುಖ್ಯ ಕಿಣ್ವದೊಳಗೆ 50 ಆಂಗ್‌ಸ್ಟ್ರಮ್ ಉದ್ದದ ಸುರಂಗವಿದೆ. ಸೆಲ್ಯುಲೋಸ್ ಸರಪಳಿ ಅದರೊಳಗೆ ನುಸುಳಿ ಹೇಗೆ ಕೂರುತ್ತದೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿಗಳು 1998ರಲ್ಲಿ ಬಿಡಿಸಿದ್ದೂ ಇಂಥ ಕಿರುಸರಪಳಿಗಳನ್ನು ಆ ಸುರಂಗದಲ್ಲಿ ಕೂರಿಸಿ ಕ್ಷಕಿರಣದಿಂದ ನೋಡಿಯೇ. ಕಿಣ್ವವನ್ನು ಇನ್ನಷ್ಟು ಚುರುಕುಗೊಳಿಸಲು ಯಾವ ಅಮಿನೋ ಆಮ್ಲ ಬದಲಿಸಬೇಕು ಎಂಬ ಇಂದಿನ ಕೆಲಸಕ್ಕೆ ತಳಪಾಯ ಅಲ್ಲಿದೆ.

ಮೇಲೆ ಹೆಸರಿಸಿದ ಕೆ.ಎಂ. ಭಟ್ ಅವರ ಹಿಂದಿನ ಕೆಲಸ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಮೇಶ್ ಮಹೇಶ್ವರಿ ಅವರೊಂದಿಗೆ. ಬಿಸಿಯನ್ನು ಇಷ್ಟಪಡುವ ಶಿಲೀಂಧ್ರಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಮಹೇಶ್ವರಿ ಅವರ ಪ್ರಯೋಗಾಲಯದಿಂದ 1987ರಲ್ಲಿ ಹೊರಬಂದ ಪ್ರಬಂಧವೊಂದು ನನ್ನ ವಾದಕ್ಕೆ ಗಟ್ಟಿಯಾದ ಆಧಾರ. ಸ್ಪೊರೊಟ್ರೈಕಂ ಥರ್ಮೊಫೈಲ್ ಎಂಬ ಶಿಲೀಂಧ್ರ ಸೆಲ್ಯುಲೋಸನ್ನು ಟ್ರೈಕೋಡರ್ಮಾಕ್ಕಿಂತ ಬೇಗ ಕರಗಿಸುತ್ತಿತ್ತು. ಆದರೆ ಅದು ಹೊರಸೂಸಿದ ದ್ರವದಲ್ಲಿ ಕಿಣ್ವದ ಅಂಕಿ ನೋಡಿದರೆ ಟ್ರೈಕೋಡರ್ಮಾಕ್ಕಿಂತ ಕಡಿಮೆ ಇತ್ತು. ಅಂಕಿಯಲ್ಲಿ ಹಿಂದೆ, ಕೆಲಸದಲ್ಲಿ ಮುಂದೆ! ಡಬ್ಬಿಯ ಮೇಲಿನ ಒಂದೇ ಅಂಕಿ ನಂಬಿ ಆಯ್ಕೆ ಮಾಡುವವರು ಈ ಶಿಲೀಂಧ್ರವನ್ನು ಕಸಕ್ಕೆ ಹಾಕುತ್ತಿದ್ದರು. ಎಲ್ಲಿ ಕಡಿಯುತ್ತದೆ, ಯಾವ ತುಂಡು ಉಳಿಯುತ್ತದೆ, ಉಳಿದ ತುಂಡನ್ನು ಯಾರು ತಿನ್ನುತ್ತಾರೆ ಎಂದು ಬಿಡಿಸಿ ಕೇಳಿದಾಗ ಮಾತ್ರ ಇಂಥ ವಿರೋಧಾಭಾಸಕ್ಕೆ ಅರ್ಥ ಹುಡುಕಲು ಸಾಧ್ಯ. ಕರ್ನಾಟಕದಲ್ಲೇ ನಾಲ್ಕು ದಶಕಗಳ ಹಿಂದೆ ಇಷ್ಟು ಸೂಕ್ಷ್ಮ ಕೆಲಸ ನಡೆದಿರುವಾಗ ಆ ಪರಂಪರೆ ಕಬ್ಬು ಬೆಳೆಯುವ ನೆಲಕ್ಕೆ ಇಳಿದು ಬರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ವಿಜ್ಞಾನಿಗಳದೇ. ನೀರಿನಲ್ಲಿ ಕರಗಿದ ಐದಾರು ಗ್ಲೂಕೋಸಿನ ತುಂಡು ಎಲ್ಲಿ, ಲಿಗ್ನಿನ್ ಮೆತ್ತಿದ ಕಬ್ಬಿನ ಸಿಪ್ಪೆ ಎಲ್ಲಿ, ಒಂದನ್ನು ಕಡಿಯುವ ಕಿಣ್ವ ಇನ್ನೊಂದನ್ನು ಕಡಿಯುತ್ತದೆಂಬ ಖಾತ್ರಿ ಏನು ಎಂದು ಅವರು ಕೇಳುತ್ತಾರೆ. ಆಕ್ಷೇಪದಲ್ಲಿ ತೂಕವಿದೆ. ಹರಳಿನ ಮೇಲ್ಮೈಗೆ ಅಂಟಿಕೊಳ್ಳುವ ಕಲೆ ಕರಗಿದ ತುಂಡುಗಳ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಎಲ್‌ಪಿಎಂಒ ಎಂಬ, ಆಮ್ಲಜನಕದ ನೆರವಿನಿಂದ ಹರಳಿನ ಮೈಯನ್ನೇ ಸೀಳುವ ಕಿಣ್ವಗಳ ಗುಂಪು ವಿಜ್ಞಾನಿಗಳ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು 2010ರ ನಂತರ. ಅಷ್ಟು ತಡವಾಗಲು ಕರಗಿದ ಪದಾರ್ಥಗಳ ಮೇಲಿನ ನಂಬಿಕೆಯೂ ಒಂದು ಕಾರಣ. ಆದ್ದರಿಂದ ಕಿರುಸರಪಳಿಗಳು ಸಾಕು ಎಂದು ನಾನು ಹೇಳುತ್ತಿಲ್ಲ. ಅವಿಲ್ಲದೆ ಆಗದು ಎನ್ನುತ್ತಿದ್ದೇನೆ. ಸಿಪ್ಪೆಯ ಮೇಲಿನ ಪರೀಕ್ಷೆ ಸೋತಾಗ ಸೋಲು ಎಲ್ಲಿಂದ ಬಂತು ಎಂದು ತಿಳಿಯಬೇಕಲ್ಲ? ಕಿಣ್ವಕ್ಕೆ ಹರಳು ಸಿಗದೆ ಸೋತಿತೋ, ಸಿಕ್ಕರೂ ಕಡಿಯಲಾರದೆ ಸೋತಿತೋ, ಕಡಿದ ಮೇಲೆ ಸೆಲ್ಲೊಬಯೋಸ್ ಅಡ್ಡಬಂದು ಸೋತಿತೋ? ಕರಗಿದ ತುಂಡುಗಳ ಮೇಲೆ ಕಿಣ್ವ ಚುರುಕಾಗಿದ್ದರೆ ತಪ್ಪು ಕಿಣ್ವ ಹಾಕುವ ಮೊದಲು ಸಿಪ್ಪೆಯನ್ನು ಸಡಿಲಿಸುವ ಪೂರ್ವಸಂಸ್ಕರಣೆಯಲ್ಲಿರುವ ಸಾಧ್ಯತೆ ಹೆಚ್ಚು; ಅಲ್ಲೂ ಮಂಕಾಗಿದ್ದರೆ ಕಿಣ್ವವನ್ನೇ ಬದಲಿಸಬೇಕು. ಈ ಎರಡು ತೀರ್ಮಾನಗಳ ನಡುವಿನ ಅಂತರ ಕಾರ್ಖಾನೆಯೊಂದಕ್ಕೆ ಕೋಟಿಗಳ ಲೆಕ್ಕದ್ದು.

ಎರಡನೆಯ ಆಕ್ಷೇಪ ಕಾರ್ಖಾನೆಗಳದು: ಸಿಪ್ಪೆ ವ್ಯರ್ಥವಾಗುತ್ತಿಲ್ಲ, ಅದನ್ನು ಉರಿಸಿ ಉಗಿಯನ್ನೂ ವಿದ್ಯುತ್ತನ್ನೂ ಪಡೆಯುತ್ತಿದ್ದೇವೆ, ಇನ್ನೇನು ಬೇಕು? ಇದೂ ನಿಜವೇ. ಸಹವಿದ್ಯುತ್ ಘಟಕಗಳು ಈ ಭಾಗದ ಕಾರ್ಖಾನೆಗಳಿಗೆ ಆದಾಯ ತಂದಿವೆ. ಜೊತೆಗೆ, ಸೆಲ್ಯುಲೋಸಿನಿಂದ ಎಥೆನಾಲ್ ಮಾಡಹೋದ ಹಲವರು ಸೋತದ್ದನ್ನೂ ಮರೆಯಬಾರದು. ಅಮೆರಿಕದ ಅಯೋವಾದಲ್ಲಿ ಡ್ಯುಪಾಂಟ್ ಕಂಪನಿ 2015ರಲ್ಲಿ ತೆರೆದ ದೊಡ್ಡ ಘಟಕವನ್ನು 2017ರಲ್ಲೇ ಕೈಬಿಟ್ಟಿತು. ರೊಮೇನಿಯಾದಲ್ಲಿ ಗೋಧಿ ಹುಲ್ಲು ಬಳಸುತ್ತಿದ್ದ ಕ್ಲೇರಿಯಂಟ್ ಘಟಕವನ್ನು ಮುಚ್ಚುವ ಘೋಷಣೆ 2023ರಲ್ಲಿ ಹೊರಬಿತ್ತು. ಇನ್ನೊಂದು ಕಡೆ ಬ್ರೆಜಿಲ್ಲಿನ ರೈಜೆನ್ ಕಂಪನಿ ಕಬ್ಬಿನ ಸಿಪ್ಪೆಯಿಂದಲೇ ಎಥೆನಾಲ್ ತೆಗೆಯುತ್ತಿದೆ. ನಮ್ಮಲ್ಲಿ ಪಾಣಿಪತ್‌ನ ಇಂಡಿಯನ್ ಆಯಿಲ್ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲಿನಿಂದ ಮೂರು ಕೋಟಿ ಲೀಟರ್ ಎಥೆನಾಲ್ ಅದರ ಗುರಿ. ಸೋಲು-ಗೆಲುವುಗಳ ಈ ಪಟ್ಟಿ ನೋಡಿ ಸುಮ್ಮನಿರುವುದೇ ಜಾಣತನ ಎನ್ನುವವರಿಗೆ ನನ್ನ ಉತ್ತರ ಇಷ್ಟು: ಹಣ ಹೂಡುವ ಮೊದಲು ಅಳೆಯುವುದು ಇನ್ನೂ ದೊಡ್ಡ ಜಾಣತನ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ಇದ್ದಕ್ಕಿದ್ದಂತೆ ಕಡಿವಾಣ ಹಾಕಿದಾಗ, ರಸ ಮತ್ತು ಕಾಕಂಬಿಯನ್ನೇ ನೆಚ್ಚಿದವರ ಸ್ಥಿತಿ ಏನಾಯಿತೆಂದು ಈ ಭಾಗ ಕಂಡಿದೆ. ಮೂರನೇ ದಾರಿ ಬೇಕೋ ಬೇಡವೋ ಎಂದು ನಿರ್ಧರಿಸಲು ನಮ್ಮದೇ ತಳಿಯ ಕಬ್ಬಿನ, ನಮ್ಮದೇ ಸಿಪ್ಪೆಯ ಅಂಕಿಗಳು ಕೈಯಲ್ಲಿರಬೇಕು. ಬೇರೆಯವರು ಭತ್ತದ ಹುಲ್ಲಿನ ಮೇಲೆ ಮಾಡಿದ ಲೆಕ್ಕ ನಮ್ಮ ಲೆಕ್ಕವಾಗದು. ಅಳೆದ ಮೇಲೆ ಬೇಡವೆಂದು ತೋರಿದರೆ ಅದೂ ಲಾಭವೇ.

ರವದಿಯ ವಿಚಾರದಲ್ಲಿ ಮಣ್ಣಿನ ಪರವಾಗಿ ಮಾತಾಡುವವರ ಆಕ್ಷೇಪವನ್ನು ನಾನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನೀರು, ಯೂರಿಯಾ ಹೆಚ್ಚಾಗಿ ಸವುಳಾದ ಭೂಮಿ ನದಿದಂಡೆಯಲ್ಲಿ ಕಡಿಮೆಯೇನಿಲ್ಲ. ಅಂಥ ನೆಲಕ್ಕೆ ರವದಿ ಮರಳಿ ಹೋಗಬೇಕು; ಎಲ್ಲವನ್ನೂ ಬಾಚಿ ಕಾರ್ಖಾನೆಗೆ ಸಾಗಿಸುವ ಯೋಜನೆ ಯಾವುದೇ ಇದ್ದರೂ ಅದನ್ನು ವಿರೋಧಿಸಬೇಕು. ಆದರೆ ಮರಳಿ ಹೋಗುವುದು ಎಂದರೆ ಬೆಂಕಿ ಹಚ್ಚುವುದಲ್ಲ. ಕಟಾವಾದ ಮೇಲೆ ಕೂಳೆ ಬೆಳೆಗೆ ಅಡ್ಡಿಯೆಂದು ರವದಿ ಸುಡುವ ರೂಢಿ ಇನ್ನೂ ಬಿಟ್ಟಿಲ್ಲ. ಸುಡದೆ ಕೊಳೆಸಲು ರೈತರು ಟ್ರೈಕೋಡರ್ಮಾ ಪುಡಿ, ಗಾಜಿಯಾಬಾದಿನ ರಾಷ್ಟ್ರೀಯ ಸಾವಯವ ಮತ್ತು ನೈಸರ್ಗಿಕ ಕೃಷಿ ಕೇಂದ್ರದ ವೇಸ್ಟ್ ಡಿಕಂಪೋಸರ್, ದಿಲ್ಲಿಯ ಐಎಆರ್‌ಐ ಸಂಸ್ಥೆಯ ಪೂಸಾ ಡಿಕಂಪೋಸರ್, ಅಂಗಡಿಯಲ್ಲಿ ಸಿಗುವ ಹೆಸರಿರುವ ಹೆಸರಿಲ್ಲದ ಕಲ್ಚರ್‌ಗಳು ಎಲ್ಲವನ್ನೂ ಬಳಸುತ್ತಾರೆ. ಬಾಟಲಿಯ ಮೇಲೆ ಜೀವಕಣಗಳ ಸಂಖ್ಯೆ ಬರೆದಿರಬಹುದು. ಆ ಜೀವಿಗಳು ಸೆಲ್ಯುಲೋಸನ್ನು ಕೊನೆಯವರೆಗೆ ಬಿಡಿಸಬಲ್ಲವೇ, ಸೆಲ್ಲೊಬಯೋಸಿನಲ್ಲೇ ನಿಂತುಬಿಡುತ್ತವೆಯೇ ಎಂದು ಕಣಗಳ ಸಂಖ್ಯೆಯಿಂದ ತಿಳಿಯುವುದಿಲ್ಲ. ಇದು ಪ್ರಯೋಗಾಲಯದ ಮಾತು, ರೈತನಿಗೇನು ಸಂಬಂಧ ಎನ್ನುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎಕರೆಗೆ ನೂರಾರು ರೂಪಾಯಿ ಕೊಟ್ಟು ತಂದ ಕಲ್ಚರ್ ರವದಿಯನ್ನು ಕೊಳೆಸುತ್ತದೋ ಇಲ್ಲವೋ ಎಂದು ಹೇಳಲು ಬೇಕಾದ ಮೊದಲ ಪರೀಕ್ಷೆ, ಆರು ತಿಂಗಳ ಹೊಲದ ಪ್ರಯೋಗಕ್ಕೂ ಮುಂಚೆ ಎರಡು ದಿನದಲ್ಲಿ ಮುಗಿಯುವ ಪರೀಕ್ಷೆ, ಇದೇ ಕಿರುಸರಪಳಿಗಳದು. ಹೊಲದ ಪ್ರಯೋಗಕ್ಕೆ ಇದು ಬದಲಿಯಲ್ಲ. ಕೆಲಸಕ್ಕೆ ಬಾರದ್ದನ್ನು ಹೊಲದವರೆಗೆ ಬರಗೊಡದ ಜರಡಿ.

ಕೊನೆಯ ಅಡ್ಡಿ ಬೆಲೆಯದು. ಶುದ್ಧ ಸೆಲ್ಲೊಪೆಂಟಯೋಸ್, ಸೆಲ್ಲೊಹೆಕ್ಸಯೋಸ್ ಐರ್ಲೆಂಡಿನ ಮೆಗಾಝೈಮ್‌ನಂಥ ಕಂಪನಿಗಳಿಂದ ಮಿಲಿಗ್ರಾಮಿನ ಲೆಕ್ಕದಲ್ಲಿ ಬರುತ್ತವೆ. ತಾಲ್ಲೂಕು ಮಟ್ಟದ ವಿಜ್ಞಾನ ಕಾಲೇಜಿಗೆ ಆ ಬೆಲೆ ಎಟುಕದು. ಆದರೆ ಇವನ್ನು ಮಾಡುವ ವಿಧಾನ ಗುಟ್ಟಿನದೇನಲ್ಲ. 1960ರಲ್ಲೇ ಜಿ.ಎಲ್. ಮಿಲ್ಲರ್ ಮತ್ತು ಜೊತೆಗಾರರು ಅದನ್ನು ಪ್ರಕಟಿಸಿದ್ದಾರೆ. ಸೆಲ್ಯುಲೋಸನ್ನು ಸಾಂದ್ರ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ನಿಗದಿತ ಹೊತ್ತು ಇಟ್ಟು, ಸರಪಳಿ ಅರ್ಧ ಕಡಿದ ಹಂತದಲ್ಲಿ ಆಮ್ಲವನ್ನು ತಟಸ್ಥಗೊಳಿಸಿ, ಸಿಕ್ಕ ಮಿಶ್ರಣವನ್ನು ಇದ್ದಿಲಿನ ಕೊಳವೆಯ ಮೂಲಕ ಹಾಯಿಸಬೇಕು. ಸಕ್ಕರೆಗಳು ಇದ್ದಿಲಿಗೆ ಅಂಟಿಕೊಳ್ಳುತ್ತವೆ. ಆಮೇಲೆ ನೀರಿಗೆ ಎಥೆನಾಲ್ ಬೆರೆಸಿ, ಅದರ ಪ್ರಮಾಣ ಮೆಲ್ಲಗೆ ಏರಿಸುತ್ತ ಹೋದರೆ ಮೊದಲು ಒಂದರದು, ಆಮೇಲೆ ಎರಡರದು, ಮೂರರದು ಎಂದು ಉದ್ದದ ಕ್ರಮದಲ್ಲೇ ತುಂಡುಗಳು ಬಿಡಿಸಿಕೊಂಡು ಬರುತ್ತವೆ. 2003ರಲ್ಲಿ ಝಾಂಗ್ ಮತ್ತು ಲಿಂಡ್ ಎಂಬ ವಿಜ್ಞಾನಿಗಳು ಎರಡು ಆಮ್ಲ ಬೆರೆಸಿ ಮಾಡುವ ಸುಧಾರಿತ ರೀತಿಯನ್ನೂ ಕೊಟ್ಟಿದ್ದಾರೆ. ಬೇಕಾದ ಸಾಮಗ್ರಿಯನ್ನು ಲೆಕ್ಕ ಹಾಕಿ: ಸೆಲ್ಯುಲೋಸ್, ಇದ್ದಿಲು, ಎಥೆನಾಲ್, ಆಮ್ಲ. ಸಿಪ್ಪೆಯಿಂದ ಸೆಲ್ಯುಲೋಸ್ ತೆಗೆಯಬಹುದು, ಸಿಪ್ಪೆಯನ್ನೇ ಕ್ರಿಯಾಶೀಲ ಇದ್ದಿಲು ಮಾಡಬಹುದು, ಎಥೆನಾಲ್ ಇಲ್ಲಿನ ಡಿಸ್ಟಿಲರಿಗಳಲ್ಲೇ ಇದೆ. ಆಮ್ಲದ ಹೊಗೆಯನ್ನು ಹೊರಹಾಕುವ ಸುರಕ್ಷಿತ ವ್ಯವಸ್ಥೆ, ಶುದ್ಧತೆ ತಪಾಸಣೆಗೆ ಎಚ್‌ಪಿಎಲ್‌ಸಿ ಯಂತ್ರ, ಅದನ್ನು ಅರಿತ ಸಿಬ್ಬಂದಿ ಇದ್ದರೆ ಸಾಕು. ಸಕ್ಕರೆ ತಂತ್ರಜ್ಞಾನಕ್ಕೆಂದೇ ಇರುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲಿದೆ. ಅಂಥ ಸಂಸ್ಥೆ, ಸುತ್ತಲಿನ ವಿಶ್ವವಿದ್ಯಾಲಯಗಳು, ಕಾರ್ಖಾನೆಗಳ ರಸಾಯನ ವಿಭಾಗಗಳು ಕೂಡಿ ಈ ತುಂಡುಗಳನ್ನು ತಯಾರಿಸಿ ಕಾಲೇಜುಗಳಿಗೂ ಪರೀಕ್ಷಾ ಕೇಂದ್ರಗಳಿಗೂ ಕಡಿಮೆ ದರದಲ್ಲಿ ಕೊಡುವುದು ಅಸಾಧ್ಯದ ಮಾತಲ್ಲ.

ಈ ತುಂಡುಗಳಿಗೆ ಪ್ರಯೋಗಾಲಯದ ಆಚೆಗೂ ಮಾರುಕಟ್ಟೆ ಹುಟ್ಟುತ್ತಿದೆ ಎಂಬುದನ್ನೂ ಗಮನಿಸಬೇಕು. ಜರ್ಮನಿಯಲ್ಲಿ ಮಾಮೂಲಿ ಸಕ್ಕರೆಯಿಂದಲೇ, ಫಾಸ್ಫೊರಿಲೇಸ್ ಎಂಬ ಕಿಣ್ವಗಳ ನೆರವಿನಿಂದ, ಸೆಲ್ಲೊಬಯೋಸ್ ತಯಾರಿಸುವ ಉದ್ಯಮ ಶುರುವಾಗಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಅದನ್ನು ಹೊಸ ಆಹಾರ ಪದಾರ್ಥವೆಂದು ಒಪ್ಪಿದೆ. ಸಕ್ಕರೆ ಬೆಲೆ ಕುಸಿದಾಗಲೆಲ್ಲ ಬಾಕಿ ಪಾವತಿಗಾಗಿ ರಸ್ತೆಗಿಳಿಯಬೇಕಾಗುವ ನಾಡಿಗೆ ಇದು ಕಿವಿಗೊಡಬೇಕಾದ ಸುದ್ದಿ. ಕಿಣ್ವವನ್ನು ಅರಿತವರಿಗೆ ಸಕ್ಕರೆಯಿಂದ ಸೆಲ್ಲೊಬಯೋಸಿಗೂ, ಸೆಲ್ಯುಲೋಸಿನಿಂದ ಗ್ಲೂಕೋಸಿಗೂ ಎರಡೂ ಕಡೆಯಿಂದ ದಾರಿ ತೆರೆಯುತ್ತದೆ. ಅರಿಯದವರು ಬೇರೆಯವರು ಹೇಳಿದ ಬೆಲೆಗೆ ಕಿಣ್ವ ಕೊಂಡು, ಬೇರೆಯವರು ಹೇಳಿದ ಅಂಕಿ ನಂಬಿ, ಬೇರೆಯವರು ಕಟ್ಟಿದ ಬೆಲೆಗೆ ಮಾಲು ಮಾರಬೇಕಾಗುತ್ತದೆ.

ಆದ್ದರಿಂದ ಈ ಭಾಗದ ಜನಪ್ರತಿನಿಧಿಗಳು, ಕಾರ್ಖಾನೆಗಳ ಆಡಳಿತ ಮಂಡಳಿಗಳು, ರೈತ ಸಂಘಟನೆಗಳು ಸೇರಿ ಕೇಳಬೇಕಾದ ಬೇಡಿಕೆ ಸ್ಪಷ್ಟವಾಗಿದೆ. ಸಿಪ್ಪೆ ಅಥವಾ ರವದಿಯಿಂದ ಎಥೆನಾಲ್ ಮಾಡುತ್ತೇವೆಂದು ಬರುವ ಪ್ರತಿ ಪ್ರಸ್ತಾವದ ಜೊತೆ ಕಿಣ್ವದ ಪೂರ್ತಿ ಲೆಕ್ಕ ಇರಬೇಕು. ಕಾಗದದ ಪರೀಕ್ಷೆಯ ಒಂದೇ ಅಂಕಿ ಸಾಲದು. ಎರಡರಿಂದ ಆರರವರೆಗಿನ ಪ್ರತಿ ತುಂಡಿನ ಮೇಲೆ ಅದು ಹೇಗೆ ಕೆಲಸ ಮಾಡುತ್ತದೆ, ನಮ್ಮದೇ ಸಿಪ್ಪೆಯಲ್ಲಿ ಶೇ 80 ಕರಗಲು ಎಷ್ಟು ಹೊತ್ತು, ಎಷ್ಟು ಕಿಣ್ವ ಬೇಕು, ಕೊನೆಯಲ್ಲಿ ಎಷ್ಟು ಸೆಲ್ಲೊಬಯೋಸ್ ಒಡೆಯದೆ ಉಳಿಯುತ್ತದೆ ಎಂಬುದನ್ನು ತೋರಿಸಬೇಕು. ಆ ಅಂಕಿಗಳನ್ನು ಪ್ರಸ್ತಾವ ತಂದ ಕಂಪನಿಯ ಪ್ರಯೋಗಾಲಯವಷ್ಟೇ ಹೇಳಿದರೆ ಸಾಲದು, ಬೆಳಗಾವಿ ಜಿಲ್ಲೆಯಲ್ಲೇ ಸ್ವತಂತ್ರವಾಗಿ ಪರೀಕ್ಷಿಸುವ ಕೇಂದ್ರವೊಂದು ದೃಢಪಡಿಸಬೇಕು. ರೈತರಿಗೆ ಮಾರುವ ಕೊಳೆಸುವ ಕಲ್ಚರ್‌ಗಳಿಗೂ ಅದೇ ಕೇಂದ್ರದ ಪರೀಕ್ಷೆ ಕಡ್ಡಾಯವಾಗಬೇಕು. ಚಿಕ್ಕೋಡಿ, ಅಥಣಿ, ನಿಪ್ಪಾಣಿಯ ಕಾಲೇಜುಗಳಲ್ಲಿ ಜೀವರಸಾಯನ ಓದುವ ಮಕ್ಕಳು ಆ ಕೇಂದ್ರದಲ್ಲಿ ಕೈಪಳಗಿಸಿಕೊಳ್ಳಬೇಕು. ಕಾಟಾದ ಮೇಲಿನ ತೂಕವನ್ನು ಸ್ವತಃ ನಿಂತು ನೋಡುವ ಹಕ್ಕಿಗಾಗಿ ಈ ನೆಲದ ರೈತರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಸಿಪ್ಪೆಗೂ ರವದಿಗೂ ಬೆಲೆ ಬರುವ ದಿನ ಹತ್ತಿರವಾದರೆ, ಆ ಬೆಲೆ ಕಟ್ಟುವ ಅಳತೆಯ ಮೇಲೂ ಅವರಿಗೆ ಅಷ್ಟೇ ಹಕ್ಕಿದೆ. ಅದನ್ನು ವ್ಯಾಪಾರ ಶುರುವಾದ ಮೇಲೆ ಬೇಡಿದರೆ ತಡವಾಗುತ್ತದೆ, ಈಗಲೇ ಕೇಳಬೇಕು.